ರಿಲೇ ವಾಲ್ವ್ ಬದಲಿಸಿದರೂ ಗಾಳಿ ಸೋರುವುದು ನಿಲ್ಲದಿದ್ದರೆ?

ನಿಮ್ಮ ತೊಂದರೆ ಇದು: ಹ್ಯಾಂಡ್ ಬ್ರೇಕ್ ಬಿಟ್ಟ ಕೂಡಲೇ ಲಾರಿಯ ಹಿಂದಿನಿಂದ ಬುಸ್ ಅಂತ ಗಾಳಿ ಹೋಗುತ್ತದೆ, ಗೇಜ್ ಇಳಿಯುತ್ತದೆ. ರಿಲೇ ವಾಲ್ವ್ (ಕಾಲು ಬ್ರೇಕ್ ಒತ್ತಿದಾಗ ಹಿಂದಿನ ಚಕ್ರಗಳ ಬ್ರೇಕಿಗೆ ಗಾಳಿ ಬಿಡುವ ವಾಲ್ವ್) ಬದಲಿಸಿದ್ದೀರಿ, ಸರಿಯಾಗಲಿಲ್ಲ. ಈಗ ಕಂಪ್ರೆಸರ್ ಬದಲಿಸಬೇಕಾ ಅಂತ ಕೇಳಿದ್ದೀರಿ.

ಬೇಡ. ಕಂಪ್ರೆಸರ್ ಗಾಳಿ ತುಂಬುತ್ತದೆ ಅಷ್ಟೇ, ನಿಮ್ಮಲ್ಲಿ ತುಂಬಿದ ಗಾಳಿ ಸೋರುತ್ತಿದೆ. ನನಗೂ ಇದೇ ಆಗಿತ್ತು. ರಿಲೇ ವಾಲ್ವಿನ ಕೆಳಗಿನ ಬಾಯಿಂದ ಗಾಳಿ ಬರುತ್ತಿತ್ತು, ಹಾಗಾಗಿ ಅದನ್ನೇ ಬದಲಿಸಿದೆ. ಮಾರನೇ ದಿನ ಹೊಸ ವಾಲ್ವಿನ ಬಾಯಿಂದಲೂ ಅದೇ ಸದ್ದು! ಕೆಟ್ಟಿದ್ದು ಚಕ್ರದ ಹತ್ತಿರದ ಚೇಂಬರ್, ಅಂದರೆ ಬ್ರೇಕನ್ನು ಎಳೆಯುವ ಗಾಳಿಯ ಡಬ್ಬಿ.

ಹಿಂದಿನ ಚೇಂಬರಿನಲ್ಲಿ ಎರಡು ಕೋಣೆ ಇರುತ್ತವೆ, ಒಂದು ಕಾಲು ಬ್ರೇಕಿಗೆ, ಇನ್ನೊಂದು ಹ್ಯಾಂಡ್ ಬ್ರೇಕಿಗೆ. ಹ್ಯಾಂಡ್ ಬ್ರೇಕ್ ಬಿಟ್ಟಾಗ ಎರಡನೆಯದರಲ್ಲಿ ಗಾಳಿ ತುಂಬಿ ಬ್ರೇಕ್ ಹಿಡಿದಿದ್ದ ದೊಡ್ಡ ಸ್ಪ್ರಿಂಗನ್ನು ಒತ್ತಿ ಹಿಡಿಯುತ್ತದೆ. ನಡುವಿನ ಸೀಲ್ ಸವೆದರೆ ಆ ಗಾಳಿ ಕಾಲು ಬ್ರೇಕಿನ ಕೋಣೆಗೆ ನುಗ್ಗಿ, ಅದರ ಪೈಪಿನಲ್ಲೇ ಹಿಂದಕ್ಕೆ ಹೋಗಿ, ರಿಲೇ ವಾಲ್ವಿನಿಂದ ಹೊರಬರುತ್ತದೆ. ಸದ್ದು ಒಂದು ಕಡೆ, ಕೆಟ್ಟಿದ್ದು ಇನ್ನೊಂದು ಕಡೆ.

ಮೊದಲು ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಚಕ್ರಗಳಿಗೆ ಎರಡೂ ಕಡೆ ಗಟ್ಟಿ ಅಡ್ಡ ಕೊಡಿ. ಇದನ್ನು ಮಾತ್ರ ಯಾವತ್ತೂ ಬಿಡಬೇಡಿ. ಗಾಳಿ ಪೂರ್ತಿ ತುಂಬಿಸಿ ಎಂಜಿನ್ ಆಫ್ ಮಾಡಿ. ಹ್ಯಾಂಡ್ ಬ್ರೇಕ್ ಹಾಕಿದಾಗ ಸದ್ದು ನಿಂತು, ಬಿಟ್ಟಾಗ ಶುರುವಾದರೆ ಚೇಂಬರ್ ಸೀಲ್ ಮೇಲೇ ಅನುಮಾನ. ಹಾಕಿದರೂ ನಿಲ್ಲದಿದ್ದರೆ ರಿಲೇ ವಾಲ್ವ್. ಕಾಲು ಒತ್ತಿದಾಗ ಮಾತ್ರ ಚಕ್ರದ ಹತ್ತಿರ ಸೋರಿದರೆ ಅದು ಡಯಾಫ್ರಮ್ (ಚೇಂಬರಿನೊಳಗಿನ ರಬ್ಬರ್ ಪರದೆ) ಅಥವಾ ಹೋಸ್.

ಯಾವ ಚೇಂಬರ್ ಅಂತ ತಿಳಿಯಲು, ಹ್ಯಾಂಡ್ ಬ್ರೇಕ್ ಹಾಕಿಟ್ಟು ಒಂದು ಚೇಂಬರಿನ ಕಾಲು ಬ್ರೇಕ್ ಪೈಪನ್ನು ಬಿಚ್ಚಿ. ಆಮೇಲೆ ಒಬ್ಬರು ಕ್ಯಾಬಿನ್ನಿನಲ್ಲಿ ಕೂತು ಹ್ಯಾಂಡ್ ಬ್ರೇಕ್ ಬಿಡಲಿ. ಬಿಚ್ಚಿದ ತೂತಿನ ಹತ್ತಿರ ಕೈ ಹಿಡಿಯಿರಿ. ಗಾಳಿ ಬಂದರೆ ಅದೇ ಚೇಂಬರ್, ಇಲ್ಲದಿದ್ದರೆ ಪೈಪ್ ಹಾಕಿ ಮುಂದಿನದಕ್ಕೆ ಹೋಗಿ.

ಕೆಟ್ಟ ಚೇಂಬರನ್ನು ಪೂರ್ತಿ ಬದಲಿಸಿ. ತೆಗೆಯುವ ಮೊದಲು ಅದರ ಉದ್ದ ಬೋಲ್ಟಿನಿಂದ ಸ್ಪ್ರಿಂಗನ್ನು ಬಿಗಿಮಾಡಿ ಲಾಕ್ ಮಾಡಲೇಬೇಕು. ಹ್ಯಾಂಡ್ ಬ್ರೇಕ್ ಕೋಣೆಯನ್ನು ಸುತ್ತಿ ಹಿಡಿದ ಪಟ್ಟಿಯನ್ನು ಬಿಚ್ಚಲು ದಯವಿಟ್ಟು ಹೋಗಬೇಡಿ. ಒಳಗಿನ ಸ್ಪ್ರಿಂಗ್ ಸಿಡಿದರೆ ಎದುರಿಗಿದ್ದವರ ಜೀವವೇ ಹೋಗುತ್ತದೆ. ಈ ಕೆಲಸ ಗೊತ್ತಿದ್ದವರಿಗೇ ಬಿಡಿ.

ಎಲ್ಲ ಮುಗಿದ ಮೇಲೆ ಜಾಯಿಂಟುಗಳಿಗೆ ಸೋಪಿನ ನೀರು ಹಚ್ಚಿ ಗುಳ್ಳೆ ಏಳುತ್ತಾ ನೋಡಿ. ಎಂಜಿನ್ ಆಫ್, ಬ್ರೇಕ್ ಬಿಟ್ಟ ಸ್ಥಿತಿಯಲ್ಲಿ ಟ್ರೇಲರ್ ಇಲ್ಲದ ಲಾರಿಯಲ್ಲಿ ಗಾಳಿಯ ಒತ್ತಡ ನಿಮಿಷಕ್ಕೆ 2 ಪಿಎಸ್‌ಐಗಿಂತ (ಒತ್ತಡದ ಅಳತೆ) ಜಾಸ್ತಿ ಇಳಿಯಬಾರದು. ಕಾಲು ಒತ್ತಿ ಹಿಡಿದಾಗ 3. ಹಾಗೇ ಗಾಳಿ ಟ್ಯಾಂಕಿನಲ್ಲಿ ಸೇರಿದ ನೀರೂ ಬಿಟ್ಟುನೋಡಿ. ನೀರಿನ ಜೊತೆ ಎಣ್ಣೆ ಜಾಸ್ತಿ ಬಂದರೆ ಆಗ ಕಂಪ್ರೆಸರ್ ಕಡೆ ನೋಡಬಹುದು.