ಪ್ರತಿ: ಇ-ಕ್ಯಾಡ್ಹೆರಿನ್ ನೆಗೆಟಿವ್ ಅಂದರೆ ಹರಡಿದೆ ಅಂತಲೇ?

ಅಮ್ಮನ ಸ್ತನದ ಗಡ್ಡೆಯ ಬಯಾಪ್ಸಿ ರಿಪೋರ್ಟಿನಲ್ಲಿ ‘ಲೋಬ್ಯುಲರ್, ಇ-ಕ್ಯಾಡ್ಹೆರಿನ್ ನೆಗೆಟಿವ್, ಬಿಸಿಎಲ್2 ಪಾಸಿಟಿವ್’ ಅಂತ ಬಂದಿದೆ, ಕ್ಯಾನ್ಸರ್ ಹರಡಿಬಿಟ್ಟಿದೆಯಾ ಅಂತ ಕೇಳಿದ್ದೀರಿ. ಆ ಸಾಲು ಅದನ್ನು ಹೇಳುವುದೇ ಇಲ್ಲ.

ಇ-ಕ್ಯಾಡ್ಹೆರಿನ್ ಜೀವಕೋಶಗಳನ್ನು ಒಂದಕ್ಕೊಂದು ಹಿಡಿದಿಡುವ ಪ್ರೋಟೀನು, ನಮ್ಮೂರ ಕೆಂಪುಕಲ್ಲಿನ ಗೋಡೆಗೆ ಗಾರೆ ಇದ್ದ ಹಾಗೆ. ಲೋಬ್ಯುಲರ್ ಅನ್ನುವ ಸ್ತನ ಕ್ಯಾನ್ಸರಿನ ಬಗೆಯಲ್ಲಿ ಸಾಮಾನ್ಯವಾಗಿ ಸಿಡಿಎಚ್1 ಜೀನ್ ಕೆಟ್ಟು ಇದು ಇಲ್ಲವಾಗಿರುತ್ತದೆ. ಆಗ ಕೋಶಗಳು ಗುಂಪು ಕಟ್ಟದೆ ಒಂದರ ಹಿಂದೊಂದು ಸಾಲಾಗಿ ನುಸುಳುತ್ತವೆ. ಮ್ಯಾಮೋಗ್ರಾಮ್‌ನಲ್ಲಿ (ಸ್ತನದ ಎಕ್ಸ್‌ರೇ) ಕೆಲವೊಮ್ಮೆ ಸರಿಯಾಗಿ ಕಾಣದಿರುವುದೂ ಇದಕ್ಕೇ. ಪೆಥಾಲಜಿಯವರು ಈ ಪರೀಕ್ಷೆ ಮಾಡುವುದು ಮುಖ್ಯವಾಗಿ ಬಗೆ ಗುರುತಿಸಲಿಕ್ಕೆ.

ಬಿಸಿಎಲ್2 ಇನ್ನೊಂದು ಪ್ರೋಟೀನು, ಕೋಶ ತಾನಾಗಿ ಸಾಯುವುದನ್ನು ಮೈಟೋಕಾಂಡ್ರಿಯದ (ಕೋಶಕ್ಕೆ ಶಕ್ತಿ ಕೊಡುವ ಭಾಗ) ಹತ್ತಿರ ತಡೆಯುತ್ತದೆ. ಕೇಳಲಿಕ್ಕೆ ಭಯವೇ. ಆದರೆ ಸ್ತನ ಕ್ಯಾನ್ಸರಿನಲ್ಲಿ ಇದು ಹೆಚ್ಚಾಗಿ ಈಸ್ಟ್ರೋಜನ್ ರಿಸೆಪ್ಟರ್ (ಇಆರ್, ಈಸ್ಟ್ರೋಜನ್ ಹಾರ್ಮೋನು ಅಂಟಿಕೊಳ್ಳುವ ಪ್ರೋಟೀನು) ಜೊತೆಗೇ ಕಾಣಿಸುತ್ತದೆ, ಒಟ್ಟಾರೆ ಒಳ್ಳೆಯ ಲಕ್ಷಣ ಅಂತಲೇ ಲೆಕ್ಕ. (ವಿಚಿತ್ರ, ಆದರೂ ನಿಜ.)

ಹರಡಿದೆಯೋ ಇಲ್ಲವೋ ತಿಳಿಯುವುದು ಕಂಕುಳಿನ ಗ್ರಂಥಿಯ ಪರೀಕ್ಷೆ, ಸ್ಕ್ಯಾನ್‌ಗಳಿಂದ. ಮುಂದಿನ ವಾರ ಮಣಿಪಾಲಕ್ಕೆ ಹೋಗುವಾಗ ಇಆರ್, ಪಿಆರ್ (ಪ್ರೊಜೆಸ್ಟರಾನ್ ಹಾರ್ಮೋನಿನ ರಿಸೆಪ್ಟರ್), ಹರ್2 (ಕೋಶ ಬೆಳೆಯಲು ಸೂಚನೆ ಕೊಡುವ ಪ್ರೋಟೀನು) ಏನು ಬಂದಿದೆ ಅಂತ ಡಾಕ್ಟರ ಹತ್ತಿರ ಕೇಳಿ. ಔಷಧದ ನಿರ್ಧಾರ ಬಹುಪಾಲು ಅವುಗಳ ಮೇಲೆ. ಬಯಾಪ್ಸಿ ಬೇರೆ ಕಡೆ ಆಗಿದ್ದರೆ ಸ್ಲೈಡ್ (ಗಾಜಿನ ಮೇಲಿನ ತೆಳು ತುಣುಕು), ಬ್ಲಾಕ್ (ಮೇಣದಲ್ಲಿ ಇಟ್ಟ ಗಡ್ಡೆಯ ತುಂಡು) ಎರಡನ್ನೂ ಕೇಳಿ ತೆಗೆದುಕೊಂಡು ಹೋಗಿ.