ಲಿನ್ ಝೆಷು ಅಫೀಮು ಸುಟ್ಟಿದ್ದಕ್ಕೇ ಬ್ರಿಟಿಷರು ಚೀನಾ ಮೇಲೆ ಯುದ್ಧಕ್ಕೆ ಹೋದರಾ?

ಮೊದಲಿಗೆ, ಅಫೀಮು ಕಳ್ಳಸಾಗಣೆ ತಡೆಯಲು ನೇಮಕವಾಗಿದ್ದ ಚೀನಾದ ಅಧಿಕಾರಿ ಲಿನ್ ಅದನ್ನು ಸುಡಲಿಲ್ಲ. ಸುಟ್ಟರೆ ಕರಗಿದ ಅಫೀಮು ಮಣ್ಣಿಗಿಳಿಯುತ್ತದೆ, ಜನ ಆ ಮಣ್ಣನ್ನೇ ಬಗೆದು ಮತ್ತೆ ಅಫೀಮು ತೆಗೆಯುತ್ತಾರೆ. ಅದಕ್ಕೇ 1839ರ ಜೂನ್‌ನಲ್ಲಿ ಹುಮೆನ್ ಎಂಬಲ್ಲಿ ದೊಡ್ಡ ಹೊಂಡ ತೋಡಿಸಿ, ನೀರು, ಉಪ್ಪು, ಸುಣ್ಣ ಹಾಕಿ ಕರಗಿಸಿದರು. 20,000ಕ್ಕೂ ಜಾಸ್ತಿ ಪೆಟ್ಟಿಗೆ! ಮುಗಿಯಲು ಮೂರು ವಾರವೇ ಹಿಡಿಯಿತು. ನೀರು ಕೊಳೆಯಾಗುತ್ತದಲ್ಲ ಎಂದು ಸಮುದ್ರ ದೇವತೆಯ ಕ್ಷಮೆಯನ್ನೂ ಕೇಳಿದ್ದರು. ನನಗೆ ಅವರ ಮೇಲೆ ಗೌರವ ಹೆಚ್ಚಿದ್ದು ಇದನ್ನು ಓದಿದಾಗಲೇ.

ಯುದ್ಧಕ್ಕೆ ಇದು ನೆಪವಾಯಿತು ನಿಜ. ಆದರೆ ಬೇರು ವ್ಯಾಪಾರದಲ್ಲಿತ್ತು. ಬ್ರಿಟನ್ನಿಗೆ ಚೀನಾದ ಚಹಾ ಬೇಕಿತ್ತು, ಅದಕ್ಕೆ ಬೆಳ್ಳಿ ತೆರಬೇಕಿತ್ತು. ಬೆಳ್ಳಿ ಉಳಿಸಲು ಸಿಕ್ಕ ದಾರಿಯೇ ಚೀನಾಕ್ಕೆ ಅಫೀಮು ಮಾರುವುದು. ಆ ಅಫೀಮು ಬೆಳೆದಿದ್ದು ನಮ್ಮ ಬಿಹಾರ, ಮಾಳ್ವಾದ ಹೊಲಗಳಲ್ಲಿ. ಜೊತೆಗೆ, ಅಫೀಮನ್ನು ಲಿನ್‌ಗೆ ಒಪ್ಪಿಸಿದರೆ ಬ್ರಿಟಿಷ್ ಸರ್ಕಾರವೇ ಹಣ ತುಂಬಿಕೊಡುತ್ತದೆ ಎಂದು ಅಧಿಕಾರಿ ಚಾರ್ಲ್ಸ್ ಎಲಿಯಟ್ ವ್ಯಾಪಾರಿಗಳಿಗೆ ಮಾತು ಕೊಟ್ಟಿದ್ದರು. ಅಲ್ಲಿಗೆ ಕಳ್ಳಸಾಗಣೆದಾರರ ನಷ್ಟ ಸರ್ಕಾರದ ತಲೆಗೆ ಬಂತು.

1840ರಲ್ಲಿ ಹಡಗುಪಡೆ ಬಂತು. ಚೀನಾದ ಚಕ್ರವರ್ತಿ ತಪ್ಪನ್ನೆಲ್ಲ ಲಿನ್ ಮೇಲೆ ಹೊರಿಸಿ ವಾಯವ್ಯ ಗಡಿಯಲ್ಲಿದ್ದ ‘ಇಲಿ’ ಎಂಬ ದೂರದ ಪ್ರದೇಶಕ್ಕೆ ಗಡಿಪಾರು ಮಾಡಿದರು. ಎಂಥ ಅನ್ಯಾಯ, ಅಲ್ವಾ? ಅಲ್ಲಿ ಕೂಡ ಅವರು ಸುಮ್ನೆ ಕೂರಲಿಲ್ಲ, ಹೊಲಗಳಿಗೆ ಕಾಲುವೆ ತೆಗೆಸಿದರು.