ರೆಕಾರ್ಡ್ ಆದ ದನಿ ನನ್ನದಲ್ಲ ಅನಿಸುವುದೇಕೆ?

ಪ್ರಶ್ನೆ: ನನಗೆ 46 ವರ್ಷ. ಹತ್ತು ವರ್ಷದಿಂದ ನಮ್ಮ ಬೀದಿಯ ಭಜನಾ ಮಂಡಳಿಯಲ್ಲಿ ಹಾಡುತ್ತಿದ್ದೆ. ಹೋದ ತಿಂಗಳು ಮಗಳು ನನ್ನ ಹಾಡನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಮನೆಯವರ ವಾಟ್ಸಾಪ್ ಗ್ರೂಪಿಗೆ ಹಾಕಿದಳು. ಕೇಳಿ ನಾಚಿಕೆಯಾಯಿತು. ಸಣ್ಣಗೆ, ಕೀರಲಾಗಿ ಇತ್ತು. ‘ನಿನ್ನ ದನಿ ಇರೋದೇ ಹಾಗಲ್ವಾ ಅಮ್ಮ’ ಎಂದಳು. ಅವತ್ತಿನಿಂದ ಮಂಡಳಿಗೆ ಹೋಗಿಲ್ಲ. ದೋಷ ನನ್ನ ಕಿವಿಯಲ್ಲೋ, ಗಂಟಲಲ್ಲೋ?
– ಒಬ್ಬ ಓದುಗರು, ತುಮಕೂರು

ವಾಕ್ ಮತ್ತು ಶ್ರವಣ ತಜ್ಞರ ಉತ್ತರ: ನೀವು ಬರೆದಿದ್ದನ್ನು ನೋಡಿದರೆ ಎರಡರಲ್ಲೂ ಇಲ್ಲ. ಹಾಡು ಬಿಟ್ಟಿದ್ದೀರಿ ಎಂದು ಓದಿ ನನಗೆ ನಿಜಕ್ಕೂ ಬೇಸರವಾಯಿತು.

ಒಂದು ಚಕ್ಕುಲಿ ಕಡಿದು ನೋಡಿ. ನಿಮ್ಮ ತಲೆಯೊಳಗೆ ಕರುಂ ಕುರುಂ ಅಂತ ದೊಡ್ಡ ಸದ್ದು. ಪಕ್ಕದಲ್ಲಿ ಕೂತವರಿಗೆ ಅಷ್ಟು ಕೇಳುವುದಿಲ್ಲ. ಹಲ್ಲಿನಿಂದ ದವಡೆಗೆ, ದವಡೆಯಿಂದ ತಲೆಬುರುಡೆಗೆ, ಅಲ್ಲಿಂದ ನೇರ ಒಳಗಿವಿಗೆ ಹೋಗುವ ಸದ್ದು ಅದು. ಹಾಡುವಾಗಲೂ ಹೀಗೇ ಆಗುತ್ತದೆ. ಬಾಯಿಂದ ಹೊರಟ ದನಿ ಗಾಳಿಯಲ್ಲಿ ಸುತ್ತಿಕೊಂಡು ಕಿವಿಗೆ ಬರುವುದು ಒಂದು ದಾರಿ. ಗಂಟಲಿನ ಅದುರು ಮೂಳೆಯ ಮೂಲಕವೇ ಒಳಗಿವಿ ಸೇರುವುದು ಇನ್ನೊಂದು. ಒಳಗಿವಿ ಹೇಗೆ ಕೆಲಸ ಮಾಡುತ್ತದೆ ಎಂದು ತೋರಿಸಿ 1961ರಲ್ಲಿ ನೊಬೆಲ್ ಪಡೆದ ಬೇಕೇಶಿ ಇದನ್ನೂ ಅಳೆದು ನೋಡಿದ್ದರು. ನಮ್ಮ ದನಿ ನಮಗೆ ಕೇಳುವಾಗ ಎರಡು ದಾರಿಗಳ ಪಾಲೂ ಹೆಚ್ಚುಕಡಿಮೆ ಒಂದೇ ಎಂದು ಅವರು ಕಂಡುಕೊಂಡರು.

ಮೂಳೆಯ ದಾರಿಯಲ್ಲಿ ಮಂದ್ರದ ಭಾಗ ಚೆನ್ನಾಗಿ ಬರುತ್ತದೆ. ತಂಬೂರಿಗೆ ಬುರುಡೆ ಇದ್ದ ಹಾಗೆ ನಮಗೂ ಒಂದು ಬುರುಡೆ ಇದೆ. ತಂಬೂರಿಯದ್ದು ಇಡೀ ಸಭೆಗೆ ಕೇಳುತ್ತದೆ, ನಮ್ಮದು ನಮಗೊಬ್ಬರಿಗೇ. ಮೊಬೈಲಿನ ಮೈಕ್ ಹಿಡಿಯುವುದು ಗಾಳಿಯಲ್ಲಿ ಬಂದದ್ದನ್ನು ಮಾತ್ರ. ಅದಕ್ಕೇ ರೆಕಾರ್ಡಿಂಗ್ ತೆಳ್ಳಗೆ ಕೇಳಿಸಿತು. ಸುಮ್ನೆ ಎರಡೂ ಕಿವಿಗೆ ಬೆರಳಿಟ್ಟು ‘ಮ್‌ಮ್‌ಮ್’ ಎಂದು ಶ್ರುತಿ ಹಿಡಿಯಿರಿ. ಕಿವಿ ಮುಚ್ಚಿದರೂ ದನಿ ಜಾಸ್ತಿಯಾಗಿ, ತುಂಬಿಕೊಂಡು ಕೇಳುತ್ತದೆ. ಇಷ್ಟು ವರ್ಷ ನಿಮಗೆ ಕೇಳುತ್ತಿದ್ದ ದನಿಯಲ್ಲಿ ಇದೂ ಬೆರೆತಿತ್ತು.

ಮೊಬೈಲಿನ ಪುಟ್ಟ ಸ್ಪೀಕರ್‌ದೂ ತಪ್ಪಿದೆ. ಅದರಲ್ಲಿ ದಪ್ಪ ಸ್ವರಗಳು ಸರಿಯಾಗಿ ಹೊರಡುವುದಿಲ್ಲ. ಅದೇ ರೆಕಾರ್ಡಿಂಗನ್ನು ಒಳ್ಳೆಯ ಇಯರ್‌ಫೋನ್ ಹಾಕಿಕೊಂಡು ಕೇಳಿ. ಅರ್ಧ ಕೀರಲು ಅಲ್ಲೇ ಹೋಗುತ್ತದೆ.

ಮಗಳು ಹೇಳಿದ್ದು ನಿಮಗೆ ಚುಚ್ಚಿರಬಹುದು. ಆದರೆ ಅವಳಿಗೆ ಗೊತ್ತಿರುವುದು ಅದೊಂದೇ ದನಿ, ಅವಳು ಜೋಗುಳ ಕೇಳಿದ್ದೂ ಅದರಲ್ಲೇ. ಮಂಡಳಿಯವರು ಹತ್ತು ವರ್ಷ ಪಕ್ಕದಲ್ಲಿ ಕೂರಿಸಿಕೊಂಡು ಕೇಳಿದ್ದೂ ಅದನ್ನೇ. ಅವರ ಯಾರ ಕಿವಿಗೂ ಅದು ಹೊಸದಲ್ಲ. 2013ರಲ್ಲಿ ಅಮೆರಿಕದಲ್ಲಿ ಒಂದು ಅಧ್ಯಯನ ನಡೆಯಿತು. ಹಲವರ ದನಿಗಳ ನಡುವೆ ಕೇಳುಗರ ದನಿಯನ್ನೂ ಅವರಿಗೆ ಹೇಳದೆ ಸೇರಿಸಿ, ಎಷ್ಟು ಚೆನ್ನಾಗಿದೆ ಎಂದು ಅಂಕ ಕೊಡಿಸಿದರು. ಉಳಿದವರು ಕೊಟ್ಟಿದ್ದಕ್ಕಿಂತ ಜಾಸ್ತಿ ಅಂಕವನ್ನು ಜನ ತಮ್ಮ ದನಿಗೇ ಕೊಟ್ಟಿದ್ದರು! ಇದು ನನ್ನ ದನಿ ಎಂದು ಗೊತ್ತಾದಾಗಲೇ ನಮಗೆ ಮುಜುಗರ ಶುರುವಾಗುವುದು.

ಒಂದು ವಾರ ದಿನಕ್ಕೊಂದು ಹಾಡು ರೆಕಾರ್ಡ್ ಮಾಡಿ ಕೇಳಿ. ಮೂರ್ನಾಲ್ಕು ದಿನ ಕಷ್ಟವಾಗಬಹುದು, ಆಮೇಲೆ ಕಿವಿ ಒಗ್ಗಿಕೊಳ್ಳುತ್ತದೆ. ಆಗ ದನಿ ಬಿಟ್ಟು ಶ್ರುತಿ, ತಾಳದ ಕಡೆ ಗಮನ ಹೋಗುತ್ತದೆ. ಈ ವಾರದ ಭಜನೆಯನ್ನು ಮಾತ್ರ ತಪ್ಪಿಸಬೇಡಿ.

ದನಿ ಒಡೆದು ಮೂರು ವಾರವಾದರೂ ಸರಿಹೋಗದಿದ್ದರೆ, ಅಥವಾ ಮಾತಾಡುವಾಗ ನಿಮ್ಮ ದನಿಯೇ ಒಂದು ಕಿವಿಯೊಳಗೆ ಗುಂಯ್‌ಗುಟ್ಟುತ್ತಿದ್ದರೆ ಅದು ಬೇರೆ ವಿಷಯ. ಆಗ ಇಎನ್‌ಟಿ ವೈದ್ಯರಿಗೆ ತೋರಿಸಿ.